ಜೋಡಿಯವನ ನಾಡಿ

ಕೃಷ್ಣಾ ಹೊಳಿ ದಂಡಿ ಮ್ಯಾಲ ಒಬ್ಬರು ವಸ್ತಾದ್ರು ಇದ್ದರು. ಕುಸ್ತಿ ಕಲಿಸೋ ವಸ್ತಾದ್ರಲ್ಲ. ಸೈಕಲ್ ಹೊಡಿಯೋದು ಕಲಿಸ್ತಿದ್ರು.

ಅವರ ಹೆಸರು ಲಾಲಸಾಬ. ಆದ್ರ ಹೆಸರು ಹಿಡಿದು ಕರಿಯೋ ಧೈರ್ಯ ಯಾರಿಗೂ ಇರಲಿಲ್ಲ.

ಹೊಳಿ ಮೆಟ್ಟಲ ಬಾಜೂಕ ಅವರದೊಂದು ತಗಡಿನ ಶೆಡ್ ಇತ್ತು. ಅದಕ್ಕ ಎಲ್ಲಾರೂ ಗರಡಿ ಅಂತಿದ್ರು. ಒಳಗ ಕೆಂಪು ಮಣ್ಣಿರಲಿಲ್ಲ, ಗದಾ ಇರಲಿಲ್ಲ. ಮ್ಯಾಲಿನ ಕಬ್ಬಿಣದ ಪೈಪಿಗೆ ಸೈಕಲ್ ತೂಗಬಿಟ್ಟಿದ್ರು.

ಬರೋರೆಲ್ಲಾ ದುಡಿಯೋ ಮಂದಿ. ನಸುಕಿನ್ಯಾಗ ಬಂದು, ಗುಡ್ಡ ಹತ್ತಿ ಇಳದು, ಎಂಟು ಗಂಟೇಕ್ಕ ತಮ್ಮ ತಮ್ಮ ಕೆಲಸಕ್ಕ ಹೋಗ್ತಿದ್ರು. ವರ್ಷಕ್ಕ ನಾಕೈದು ಸೈಕಲ್ ಶರ್ಯತ್ತು. ಅಷ್ಟ.

ವಸ್ತಾದ್ರು ಒಬ್ಬೊಬ್ಬರನ್ನ ಕಲಿಸ್ತಿರಲಿಲ್ಲ. ಜೋಡಿ ಮಾಡ್ತಿದ್ರು. ಒಬ್ಬ ಮುಂದ ಹೋಗಿ ಗಾಳಿ ತಡೀಬೇಕು. ಇನ್ನೊಬ್ಬ ಅವನ ಗಾಲಿ ಹಿಂದ ಗಾಲಿ ಇಟ್ಟು ಬರಬೇಕು. ಮುಂದಿನವ ದಣಿದ ಮ್ಯಾಲ ಹಿಂದಿನವ ಮುಂದ.

ಇನ್ನೊಂದು ಪದ್ಧತಿ ಇತ್ತು. ಸೈಕಲ್ ಹತ್ತೂಕಿಂತ ಮೊದಲು ಜೋಡಿಯವರು ಒಬ್ಬರ ಮುಂಗೈ ಒಬ್ಬರು ಹಿಡಿದು ನಾಡಿ ಎಣಿಸಬೇಕು. ಗೋಡೆ ಮ್ಯಾಲಿನ ಗಡಿಯಾರ ನೋಡಿ ಪೂರಾ ಒಂದು ನಿಮಿಷ. ಎಣಿಸಿ ಎಲ್ಲಾರಿಗೂ ಕೇಳೋಹಂಗ ಹೇಳಬೇಕು. ದಿನಕ್ಕಿಂತ ಹತ್ತು ಹೆಚ್ಚ ಬಂದ್ರ ಅವ ಅವತ್ತು ಸೈಕಲ್ ಮುಟ್ಟೋಹಂಗಿಲ್ಲ. ಮನಿಗೆ ಹೋಗಿ ಮಲಗಬೇಕು.

ಭೀಮಶಿ ಅಂತ ಒಬ್ಬ ಶಿಷ್ಯ ಇದ್ದ. ಕರೆಂಟ್ ಕಂಬ ಹತ್ತೋ ಕೆಲಸ ಅವಂದು. ಬಂದ ಮೊದಲನೇ ದಿನಾನ ಅವ ಕೇಳಿದ, "ನನ್ನ ನಾಡಿ ನಾನ ಎಣಿಸ್ಕೊಂಡ್ರ ಆಗೂದಿಲ್ಲೇನ್ರಿ?"

"ಆಗತೈತಿ. ಆದ್ರ ನೀ ಸುಳ್ಳ ಹೇಳ್ತಿ."

"ನಾ ಯಾಕ ಸುಳ್ಳ ಹೇಳ್ಲಿರಿ?"

"ಸೈಕಲ್ ಹೊಡೀಬೇಕು ಅಂತ ಬಂದಿಯಲ್ಲ, ಅದಕ್ಕ."

ಭೀಮಶಿಗೆ ಜೋಡಿಯಾಗಿ ಸಿಕ್ಕವ ಯಮನೂರಿ. ಅವಂದು ಊರಾಗ ಹಿಟ್ಟಿನ ಗಿರಣಿ. ಎಷ್ಟ ಜಳಕ ಮಾಡಿ ಬಂದ್ರೂ ಅವನ ಕಿವಿ ಸಂದ್ಯಾಗ ಸ್ವಲ್ಪ ಹಿಟ್ಟು ಇದ್ದ ಇರ್ತಿತ್ತು.

ಇಬ್ಬರೂ ಒಂದ ವಯಸ್ಸು, ಮೂವತ್ತರ ಹತ್ತಿರ. ಇಬ್ಬರಿಗೂ ಹೆಂಡತಿ ಮಕ್ಕಳು. ನಾಡಿ ಸೈತ ಹೆಚ್ಚೂಕಡಿಮಿ ಒಂದ. ಭೀಮಶಿದು ಐವತ್ತು, ಯಮನೂರಿದು ನಲವತ್ತೆಂಟು.

ಸಪಾಟ ರಸ್ತಾದಾಗ ಇಬ್ಬರೂ ಸಮಾ. ಏರು ಬಂತಂದ್ರ ಯಮನೂರಿ ಮುಂದ. ಯಾವಾಗ್ಲೂ ಒಂದು ಗಾಲಿಯಷ್ಟ ಮುಂದ.

"ಏನ್ ತಿಂತಿಯಲೇ ನೀ?" ಭೀಮಶಿ ತೇಕ್ಕೋತ ಕೇಳ್ತಿದ್ದ.

"ಊರ ಮಂದಿ ಜ್ವಾಳ ಬೀಸಿ ಅವರ ಹಿಟ್ಟ ಕುಡೀತೀನಿ ಮೂಗಿಲೆ."

ಭೀಮಶಿ ನಗ್ತಿದ್ದ. ಆದ್ರ ಆ ಒಂದು ಗಾಲಿ ಅವನ ತಲ್ಯಾಗ ಉಳೀತಿತ್ತು. ಕಂಬದ ಮ್ಯಾಲ ಕುಂತಾಗ, ಉಣ್ಣಾಗ, ಮಲಗಿದಾಗ, ಅದ ಒಂದು ಗಾಲಿ.

ಒಮ್ಮೆ ಪರ ಊರಾಗ ಶರ್ಯತ್ತು ಇತ್ತು. ಭೀಮಶಿ ಒಂಬತ್ತನೇದವ ಬಂದ. ಗಿಡದ ಕೆಳಗ ಕುಂತು ನೀರು ಕುಡಿಯುವಾಗ ಒಬ್ಬ ಬಂದು ಬಾಜೂಕ ಕುಂತ. ಒಳ್ಳೆ ಮೈಕಟ್ಟಿನವ. ಅಂಗೈ ಮ್ಯಾಲ ಸಣ್ಣ ಬಿಳಿ ಗುಳಗಿ ಇಟ್ಟು ತೋರಿಸಿದ.

"ಏನಿದು?"

"ದಮ್ಮಿಂದು. ಅರ್ಧ ತಾಸು ಮೊದಲ ನುಂಗಬೇಕು. ಏರು ಸಪಾಟ ಆಗತೈತಿ."

"ಔಷಧೇನು?"

"ಔಷಧ ಜಡ್ಡಾದವರಿಗೆ. ಇದು ಗಟ್ಟಿ ಇದ್ದವರಿಗೆ."

"ಹಿಡೀತಾರೇನು?"

ಅವ ನಕ್ಕ. "ಯಾರೋ ಹಿಡಿಯೋರು? ನಮ್ಮ ಶರ್ಯತ್ತಿಗೆ ಬಿದ್ದವರನ್ನ ಎತ್ತಾಕ ಒಂದು ಗಾಡಿ ಬರೂದಿಲ್ಲ. ಉಚ್ಚಿ ತಪಾಸ ಮಾಡವರು ಬರ್ತಾರೇನು? ನಿನ್ನ ಮುಂದ ಎಂಟು ಮಂದಿ ಹೋದ್ರಲ್ಲ, ಅವರೆಲ್ಲಾ ಬರೇ ರೊಟ್ಟಿ ತಿಂದು ಹೋದ್ರ ಅಂತ ಮಾಡಿಯೇನು?"

ಭೀಮಶಿ ಆ ಎಂಟು ಮಂದಿ ಮಾರಿ ನೆನಸ್ಕೊಂಡ. ಗುಳಗಿ ತಗೊಂಡ, ಎಲ್ಲಿ ಸಿಗತಾವ ಅನ್ನೂದನ್ನೂ ಕೇಳ್ಕೊಂಡ.

ಅದು ಶ್ರಾವಣ ತಿಂಗಳು.

ಮೊದಲನೇ ದಿನ ಗುಳಗಿ ನುಂಗಿ ಗರಡಿಗೆ ಬಂದಾಗ ಯಮನೂರಿ ಅವನ ಮುಂಗೈ ಹಿಡದ. ಎಣಿಸ್ಕೋತ ಎಣಿಸ್ಕೋತ ಹುಬ್ಬು ಏರಿಸಿದ.

"ಎಪ್ಪತ್ತಾರು ಐತಲೋ," ಅಂದ ಸಣ್ಣ ದನಿಲೆ.

"ಕೂಸು ರಾತ್ರಿಯೆಲ್ಲಾ ಅತ್ತತಿ. ನಿದ್ದಿ ಇಲ್ಲ. ಐವತ್ತು ಅನ್ನು."

"ವಸ್ತಾದ್ರಿಗೆ ಗೊತ್ತಾದ್ರ?"

"ನಿನ್ನ ಬಾಯಿಲೆ ಹೇಳಿದ್ರ ಅಷ್ಟ ಗೊತ್ತಾಗತೈತಿ."

ಯಮನೂರಿ ವಸ್ತಾದ್ರ ಕಡೆ ಒಮ್ಮೆ ನೋಡಿದ. ಆಮ್ಯಾಲ ಎಲ್ಲಾರಿಗೂ ಕೇಳೋಹಂಗ ಅಂದ, "ಭೀಮಶಿ, ಐವತ್ತು."

ಆ ದಿನ ಏರಿನ್ಯಾಗ ಭೀಮಶಿ ಮುಂದ ಹೋದ. ಒಂದು ಗಾಲಿ ಅಲ್ಲ. ಒಂದು ತಿರುವು.

ಗುಡ್ಡದ ಮ್ಯಾಲ ಯಮನೂರಿ ಬಂದು ಮುಟ್ಟಿ ಭೀಮಶಿ ಬೆನ್ನು ಬಡಿದ. "ಶಾಬಾಸ್ ದೋಸ್ತ. ಕೂಸು ದಿನಾ ಅಳಲಿ ನಿಂದು."

ದಿನಾ ಕೂಸು ಅಳಾಕತ್ತಿತು. ದಿನಾ ಯಮನೂರಿ ಐವತ್ತು ಅನ್ನಾಕತ್ತಿದ. ಎಂಟು ದಿನದ ಮ್ಯಾಲ ಅವ ಎಣಿಸೂದನ್ನ ಬಿಟ್ಟ. ಮುಂಗೈ ಸುಮ್ಮನ ಹಿಡಕೊಂಡು ಗಡಿಯಾರ ನೋಡ್ತಿದ್ದ.

ಆದ್ರ ಏರಿನ್ಯಾಗ ಹಿಂದ ಬೀಳೂದು ಅವಗ ತಡೀಲಿಲ್ಲ.

"ನನಗ ಏನಾಗೇತಿ ಅಂತೀನಿ," ಅಂದ ಒಂದಿನ. "ಕಾಲು ಅವ. ಸೈಕಲ್ ಅದ. ಗುಡ್ಡ ಬೆಳದೈತೇನು?"

ಭೀಮಶಿ ಚೈನ್ ಒರಸ್ಕೋತ ಕುಂತಿದ್ದ. "ಎಲ್ಲಾರಿಗೂ ಒಂದೊಂದು ಟೈಮ್ ಇರತೈತಲೇ," ಅಂದ.

ಯಮನೂರಿ ಮಧ್ಯಾಹ್ನಾನೂ ಗುಡ್ಡ ಹತ್ತಾಕತ್ತಿದ. ಕರೆಂಟ್ ಹೋಗಿ ಗಿರಣಿ ನಿಂತಾಗೆಲ್ಲಾ ಬಿಸಲಾಗ ಸೈಕಲ್ ತಗದ. ಊಟ ಕಡಿಮಿ ಮಾಡಿದ. ಮೈ ಹಗುರ ಆದ್ರ ಏರು ಹಗುರ ಆಗತೈತಿ ಅಂದ. ಗಲ್ಲ ಒಳಗ ಹೋದ್ವು.

ವಸ್ತಾದ್ರು ನೋಡಿದ್ರು. ಅವರ ಕಣ್ಣಿಗೆ ಕಂಡಿದ್ದು ಇಷ್ಟು. ಒಂದ ಜೋಡಿ, ಒಂದ ರಸ್ತಾ, ಒಬ್ಬ ದಿನಾ ಮುಂದ ಹೊಂಟಾನ, ಒಬ್ಬ ದಿನಾ ಹಿಂದ ಬೀಳಾಕತ್ತಾನ.

ಎಲ್ಲಾರ ಮುಂದ ಕೇಳಿದ್ರು, "ನಿನ್ನ ಜೋಡಿ ಹಾಡ್ಕೋತ ಏರು ಹತ್ತಾಕತ್ತಾನ. ನೀ ಯಾಕ ಮೈಗಳ್ಳ ಆದಿ?"

ಯಮನೂರಿ ತಲಿ ಕೆಳಗ ಹಾಕಿದ.

ಭೀಮಶಿ ತನ್ನ ಸೈಕಲ್ಲಿನ ಗಾಲಿ ತಿರುಗಿಸಿ ನೋಡ್ಕೋತ ನಿಂತ.

ಆ ವರ್ಷ ಜಿಲ್ಲಾದಾಗ ಜೋಡಿ ಶರ್ಯತ್ತು ಇಟ್ಟಿದ್ರು. ಅದರಾಗ ಮುಂದ ಬಂದವನ ಟೈಮ್ ಹಿಡಿಯೂದಿಲ್ಲ. ಜೋಡ್ಯಾಗ ಹಿಂದ ಉಳದವನ ಟೈಮ್ ಹಿಡೀತಾರ.

ಶರ್ಯತ್ತು ನಾಕು ದಿನ ಇದ್ದಾಗ ಒಂದು ನಸುಕಿನ್ಯಾಗ ಯಮನೂರಿ ಗರಡಿಗೆ ಬಂದ. ಕಣ್ಣು ಕೆಂಪಗಿದ್ವು. ಭೀಮಶಿ ಅವನ ಮುಂಗೈ ಹಿಡದ. ಕಾದ ಹಂಚು ಮುಟ್ಟಿದಂಗ ಆತು.

ಎಣಿಸಿದ. ತೊಂಬತ್ತೆರಡು.

"ಜ್ವರ ಐತಿ ನಿನಗ."

"ನಲವತ್ತೆಂಟು ಅನ್ನು."

"ಹುಚ್ಚ ಗಿಚ್ಚ ಹಿಡದೈತೇನು? ಮನಿಗಿ ಹೋಗು."

"ನಿನಗ ನಾ ಎಷ್ಟು ಸಲ ಅಂದೀನಿ? ಒಂದ ಸಲ ನನಗ ಅನ್ನು." ಅವನ ತುಟಿ ಒಣಗಿದ್ವು. "ಇವತ್ತು ಮನಿಗಿ ಹೋದ್ರ ವಸ್ತಾದ್ರು ನನ್ನ ಜಾಗಾಕ್ಕ ಬ್ಯಾರೇದವನ್ನ ಹಾಕ್ತಾರ. ಮೈಗಳ್ಳ ಅನಸ್ಕೊಂಡು ಕೂಡ್ಲೇನು?"

ಇಲ್ಲ ಅನ್ನಬಹುದಿತ್ತು. ಅಂದಿದ್ರ ಯಮನೂರಿ ಸಿಟ್ಟಿಗೆದ್ದು ಭೀಮಶಿ ನಾಡಿ ಸುದ್ದಿ ತಗೀತಿದ್ನೇನೋ. ತಗದಿದ್ರ ವಸ್ತಾದ್ರು ಅಲ್ಲೇ ಮುಂಗೈ ಹಿಡಿದು ನೋಡ್ತಿದ್ರು. ಗುಳಗಿ ನುಂಗಿ ಅರ್ಧ ತಾಸು ಆಗಿತ್ತು, ನಾಡಿ ಓಡಾಕತ್ತಿತ್ತು.

ಇದೆಲ್ಲಾ ಭೀಮಶಿ ತಲ್ಯಾಗ ಒಂದು ಗಳಿಗ್ಯಾಗ ಹಾದು ಹೋತು.

"ಯಮನೂರಿ, ನಲವತ್ತೆಂಟು," ಅಂದ.

ಏರಿನ ಎರಡನೇ ತಿರುವಿನ್ಯಾಗ ಹಿಂದಿಂದ ಗಾಲಿ ಸಪ್ಪಳ ನಿಂತಿತು. ಭೀಮಶಿ ತಿರುಗಿ ನೋಡಿದ. ಯಮನೂರಿ ರಸ್ತಾದ ಮ್ಯಾಲ ಬಿದ್ದಿದ್ದ. ಒಂದು ಕಾಲು ಇನ್ನೂ ಪೆಡಲ್ಲಿನ್ಯಾಗ ಇತ್ತು. ಕೈ ಎದಿ ಮ್ಯಾಲ.

ದವಾಖಾನ್ಯಾಗ ಮೂರು ದಿನ ಅವಗ ಎಚ್ಚರ ಇರಲಿಲ್ಲ. ನಾಕನೇ ದಿನ ಕಣ್ಣು ತಗದ.

"ಎದಿ ಮಾಂಸಕ್ಕ ಬಾವು ಬಂದೈತಿ," ಡಾಕ್ಟರು ಹೇಳಿದ್ರು. "ಜ್ವರ ಇದ್ದಾಗ ಏರು ಹತ್ತಿದೇನಪಾ?"

ಹಾಸಿಗಿ ಕಾಲದೆಸಿ ವಸ್ತಾದ್ರು ನಿಂತಿದ್ರು, ಬಾಜೂಕ ಭೀಮಶಿ.

ಯಮನೂರಿ ಮಲಗಿದಲ್ಲಿಂದ ಭೀಮಶಿ ಮಾರಿ ನೋಡಿದ. "ಇಲ್ರಿ," ಅಂದ. "ಹತ್ತುವಾಗ ಜ್ವರ ಇರಲಿಲ್ಲ."

"ಹಂಗಾರ ಎದಿ ಮೊದಲಿಂದಾನ ಸೊರಗಿರಬೇಕು." ಡಾಕ್ಟರು ಕಾಗದದ ಮ್ಯಾಲ ಬರದ್ರು. "ಇನ್ನ ಸೈಕಲ್ ಮುಟ್ಟಬಾರದು. ಚೀಲ ಎತ್ತಬಾರದು. ಬಿಕ್ಕಿ ಬಿಕ್ಕಿ ಅಳಬಾರದು. ಮೆಟ್ಟಲ ಹತ್ತಿದ್ರ ನಿಂತು ನಿಂತು ಹತ್ತಬೇಕು. ಸಾಯೂತನಕ ಹಿಂಗ."

ವಸ್ತಾದ್ರು ಹೊರಗ ಬಂದು ಗೋಡೆಗೆ ಆತು ನಿಂತ್ರು. "ಸೊರಗಿದ ಎದೀನ ಗುಡ್ಡ ಹತ್ತಿಸಿದೆ," ಅಂದ್ರು. "ನನಗ ತಿಳೀಲಿಲ್ಲ."

ಭೀಮಶಿ ಬಾಯಿ ಬಿಡಲಿಲ್ಲ.

ಎರಡು ವರ್ಷ ಹೋದ್ವು.

ಭೀಮಶಿ ಆರು ಶರ್ಯತ್ತು ಗೆದ್ದ. ಪೇಪರಿನ್ಯಾಗ ಫೋಟೋ ಬಂತು. ಬ್ಯಾರೆ ಜೋಡಿ ಬಂದ, ಕಾಲೇಜಿನ ಹುಡುಗ. ಅವನೂ ಐವತ್ತು ಅನ್ನೂದು ಕಲತ.

ವಸ್ತಾದ್ರಿಗೆ ಅರವತ್ತಾರು ಆತು. ಮೊಣಕಾಲು ಹಿಡೀತಿದ್ವು. ಒಂದಿನ ಎಲ್ಲಾರೂ ಹೋದ ಮ್ಯಾಲ ಭೀಮಶಿನ ಕರದ್ರು. ಗೋಡೆ ಮ್ಯಾಲಿನ ಗಡಿಯಾರ ಇಳಿಸಿ ಅವನ ಕೈಯಾಗ ಇಟ್ರು.

"ಬರೋ ಸೋಮವಾರದಿಂದ ಗರಡಿ ನೀ ನಡಸು. ಮಂದಿ ನಾಡಿ ನಿನ್ನ ಮುಂದ ಹೇಳ್ಲಿ."

ಭೀಮಶಿ ಗಡಿಯಾರ ಹಿಡಕೊಂಡು ನಿಂತ.

"ವಸ್ತಾದ್ರ, ಒಂದು ಕೇಳ್ಲ್ಯಾ?"

"ಕೇಳು."

"ಈಗ ಶರ್ಯತ್ತಿನ್ಯಾಗ ಮಂದಿ ಏನೇನೋ ತಗೋತಾರ. ಗುಳಗಿ, ಸೂಜಿ."

"ತಗೋತಾರ."

"ತಪಾಸ ಮಾಡವರಿಲ್ಲ. ಎಲ್ಲಾರೂ ತಗೋತಾರ. ಅಂದ ಮ್ಯಾಲ ಅದು ಮೋಸ ಹೆಂಗಾತ್ರಿ?"

ವಸ್ತಾದ್ರು ಅವನ ಮಾರಿ ನೋಡಿದ್ರು.

"ಅವರ ಮೈ ಅವರದು," ಭೀಮಶಿ ಮುಂದುವರಿಸಿದ. "ಕೆಟ್ರ ಅವರ ಮೈ ಕೆಡತೈತಿ. ಬ್ಯಾರೇದವರಿಗೆ ಏನ್ ಹೋತು?"

"ಸೈಕಲ್ ಇಳಸು," ಅಂದ್ರು ವಸ್ತಾದ್ರು.

"ಯಾವುದರಿ?"

"ನಿಂದೂ ಇಳಸು. ನಂದೂ ಇಳಸು."

ವಸ್ತಾದ್ರು ಸೈಕಲ್ ಹತ್ತದ ಒಂದು ವರ್ಷ ಮ್ಯಾಲಾಗಿತ್ತು. ಗಾಳಿ ಹಾಕಿ, ಲುಂಗಿ ಮ್ಯಾಲ ಕಟ್ಟಿ ಹತ್ತಿದ್ರು.

"ನೀ ಮುಂದ ನಡಿ. ಏರಿನ್ಯಾಗ ನಿನಗ ಎಷ್ಟು ಆಗತೈತಿ ಅಷ್ಟು ಹೊಡಿ. ನನ್ನ ನೋಡಬ್ಯಾಡ."

"ನಿಮ್ಮ ಕೈಲೆ ಆಗೂದಿಲ್ರಿ."

"ನನ್ನ ಮೈ ನಂದು."

ಹೊಂಟ್ರು. ಸಪಾಟ ರಸ್ತಾದಾಗ ಮುದುಕರು ಅವನ ಗಾಲಿ ಹಿಂದ ಅಂಟಕೊಂಡ ಬಂದ್ರು. ಏರು ಸುರು ಆತು. ಭೀಮಶಿ ಅವತ್ತೂ ಗುಳಗಿ ನುಂಗಿದ್ದ. ಕಾಲು ತಾವ ತಿರುಗತಿದ್ವು.

ಮೊದಲನೇ ತಿರುವು ಮುಗದ್ರೂ ಹಿಂದ ಉಸಿರು ಕೇಳ್ತಿತ್ತು. ಗಿಡ ಸೀಳೋ ಗರಗಸದಂಗ.

ಭೀಮಶಿ ನಿಧಾನ ಮಾಡಿದ.

"ಯಾಕ ನಿಧಾನ ಮಾಡಿದಿ?" ಹಿಂದಿಂದ ದನಿ ಬಂತು. "ಹೊಡಿ."

ಹೊಡದ. ಪೂರಾ ಜೋರಿಲೆ ಅಲ್ಲ, ಅದಕ್ಕ ಉಸಿರು ದೂರ ಹೋಗಲಿಲ್ಲ. ಆದ್ರ ನಡನಡುವ ನಿಲ್ಲಾಕತ್ತಿತು. ನಿಂತು, ಮತ್ತ ಜಗ್ಗಿ, ಮತ್ತ ನಿಂತು.

ತಿರುಗಿ ನೋಡಿದ. ವಸ್ತಾದ್ರ ಮಾರಿ ಬೂದಿ ಬಣ್ಣ ಆಗಿತ್ತು. ತುಟಿ ನೀಲಿ. ಕಣ್ಣು ಭೀಮಶಿ ಹಿಂದಿನ ಗಾಲಿ ಮ್ಯಾಲ.

"ಬಿಡ್ರಿ ವಸ್ತಾದ್ರ. ಸಾಯ್ತೀರಿ."

"ಸತ್ರ ನಿನಗೇನು? ನೀ ನಿನ್ನ ಸೈಕಲ್ ಹೊಡಿಯಾಕತ್ತಿ."

"ನಿಲ್ಸ್ರಿ."

"ನೀ ಹೋಗತನಕ ನಾ ಬರ್ತೀನಿ. ಜೋಡಿ ಅಂದ್ರ ಹಂಗ."

ಎರಡನೇ ತಿರುವು ಬಂತು. ಭೀಮಶಿ ಬ್ರೇಕ್ ಹಿಡದ. ಕಾಲು ಕೆಳಗ ಇಟ್ಟ. ಸೈಕಲ್ ಕೈ ಬಿಟ್ಟು ಬಿತ್ತು.

ವಸ್ತಾದ್ರು ಬಂದು ಅವನ ಬಾಜೂಕ ನಿಂತ್ರು. ಇಳಿಯಾಕ ಆಗಲಿಲ್ಲ. ಹ್ಯಾಂಡಲ್ ಮ್ಯಾಲ ಹಣಿ ಇಟ್ಟು ಬಾಳ ಹೊತ್ತು ಉಸಿರಾಡಿದ್ರು.

ಭೀಮಶಿ ರಸ್ತಾದ ಮ್ಯಾಲ ಕುಂತ. ನೆಲ ನೋಡ್ಕೋತ ಎಲ್ಲಾ ಹೇಳಿದ. ಗುಳಗಿ. ಎಪ್ಪತ್ತಾರು. ಐವತ್ತು. ತೊಂಬತ್ತೆರಡು. ನಲವತ್ತೆಂಟು.

ವಸ್ತಾದ್ರು ಹ್ಯಾಂಡಲ್ ಮ್ಯಾಲಿಂದ ಹಣಿ ಎತ್ತಿದ್ರು.

"ಯಾವ ತಿಂಗಳಿಂದ ತಗೊಂಡಿ?"

"ಶ್ರಾವಣದಿಂದ್ರಿ."

"ನಾ ಅವಗ ಮೈಗಳ್ಳ ಅಂದಿದ್ದು?"

"ಅದರ ಮುಂದಿನ ತಿಂಗಳು."

ವಸ್ತಾದ್ರು ಸೈಕಲ್ ಇಳದ್ರು. ರಸ್ತಾದ ಬಾಜೂಕಿನ ಕಲ್ಲಿನ ಮ್ಯಾಲ ಕುಂತ್ರು. ಎರಡೂ ಕೈ ತೊಡಿ ಮ್ಯಾಲ ಇದ್ವು.

"ಹೊಡೀರಿ ನನ್ನ," ಅಂದ ಭೀಮಶಿ.

"ಹೊಡದ್ರ ನಿನಗ ಸುಖ ಆಗತೈತಿ."

"ಮತ್ತ ಏನ್ ಮಾಡ್ಲಿ?"

"ಅವಗ ಹೇಳಿ ಬಾ."

"ನೀವೂ ಬರ್ರಿ."

"ನನ್ನ ಮಾತಿಗೆ ನಾ ಹೋಗ್ತೀನಿ. ನಿನ್ನ ಮಾತಿಗೆ ನೀ ಹೋಗು."

"ಈಗ ಹೇಳಿ ಏನಾಗೂದೈತ್ರಿ? ಅವನ ಎದಿ ಹೊಳ್ಳಿ ಬರೂದಿಲ್ಲ."

ವಸ್ತಾದ್ರು ಎದ್ದು ಸೈಕಲ್ ಹಿಡಕೊಂಡು ಇಳಿಜಾರಿನ್ಯಾಗ ನಡಕೋತ ಹೊಂಟ್ರು. ತಿರುಗಿ ನೋಡಲಿಲ್ಲ.

ಗಿರಣಿ ನಡದಿತ್ತು. ಯಮನೂರಿ ಬಾಗಲಾಗ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಕುಂತಿದ್ದ. ಒಳಗ ಅವನ ಹೆಂಡತಿ ಕಸ್ತೂರಿ ಜ್ವಾಳದ ಡಬ್ಬಿ ಎತ್ತಿ ಗಿರಣಿಗೆ ಸುರೀತಿದ್ಲು.

"ಬರ್ರಿ ಚಾಂಪಿಯನ್ನರು," ಅಂದ ಯಮನೂರಿ. "ಪೇಪರಿನ್ಯಾಗ ಮಾರಿ ಬಾಳ ಕರ್ರಗ ಬಂದೈತಿ ನಿಂದು. ಯಾರಂತ ಗೊತ್ತ ಆಗಲಿಲ್ಲ."

ಭೀಮಶಿ ನಿಂತ ಇದ್ದ.

"ಕೂಡೋ. ಚಾ ತರಸ್ಲಿ? ನನಗ ಚಾ ಬಂದ್ ಮಾಡ್ಯಾರ. ನೀ ಕುಡಿ, ನಾ ವಾಸನಿ ತಗೋತೀನಿ."

"ಒಂದು ಮಾತು ಹೇಳೂದೈತಿ. ಗಿರಣಿ ಬಂದ್ ಮಾಡಸು."

"ಕಸ್ತೂರಿ, ಬಂದ್ ಮಾಡ. ಸಾಹೇಬ್ರು ಭಾಷಣ ಮಾಡ್ತಾರಂತ."

ಗಿರಣಿ ನಿಂತಿತು. ಆ ಶಾಂತಿಯೊಳಗ ಭೀಮಶಿ ಹೇಳಿದ. ಕೂಸು ಅತ್ತಿರಲಿಲ್ಲ ಅಂದ. ಗುಳಗಿ ತಗೊಂತಿದ್ದೆ ಅಂದ.

ಯಮನೂರಿ ಮಾರಿ ಮ್ಯಾಲಿನ ನಗಿ ಒಮ್ಮೆಲೆ ಹೋಗಲಿಲ್ಲ. ಹೋಗಾಕ ಹೊತ್ತು ಬೇಕಾತು.

"ಯಾವಾಗಿಂದ?"

"ಶ್ರಾವಣದಿಂದ."

"ಶ್ರಾವಣದಾಗ ನೀ ಮೊದಲ ಸಲ ನನ್ನ ಬಿಟ್ಟು ಹೋದಿ. ಒಂದು ತಿರುವು."

"ಹೌದು."

"ಅದಕ್ಕೂ ಮೊದಲ ನಾ ಮುಂದ ಇರ್ತಿದ್ದೆ."

"ಯಾವಾಗ್ಲೂ."

"ಅಂದ್ರ ನಾ ಹಿಂದ ಬಿದ್ದಿರಲಿಲ್ಲ."

"ಇಲ್ಲ."

"ನನ್ನ ಕಾಲಾಗ ಏನೂ ಕಡಿಮಿ ಆಗಿರಲಿಲ್ಲ."

"ಇಲ್ಲೋ. ಗುಳಗಿ ಇಲ್ಲದ ನಾ ಒಂದು ದಿನಾನೂ ನಿನ್ನ ಮುಂದ ಹೋಗಿಲ್ಲ."

ಯಮನೂರಿ ತನ್ನ ಕಾಲು ನೋಡ್ಕೊಂಡ. ಈಗ ಅವು ಸಣ್ಣ ಆಗಿದ್ವು. ಪೈಜಾಮ ಜೋತಾಡ್ತಿತ್ತು.

"ನನ್ನ ಮಗ ಕೇಳ್ತಾನ," ಅಂದ. "ಅಪ್ಪಾ, ನೀ ಸೈಕಲ್ ಹೊಡೀತಿದ್ದೆಲ್ಲ, ಹೆಂಗ ಹೊಡೀತಿದ್ದಿ ಅಂತ. ಸುಮಾರ ಹೊಡೀತಿದ್ದೆ ಅಂತೀನಿ. ನಿಮ್ಮ ಭೀಮಶಿ ಕಾಕಾ ಛಲೋ ಹೊಡೀತಾನ ಅಂತೀನಿ."

ಭೀಮಶಿ ಮಾರಿ ಬ್ಯಾರೆ ಕಡೆ ಮಾಡಿದ.

"ನನಗ ಸಮಾಧಾನ ಆಗಿತ್ತಲೇ. ಹುಟ್ಟಾ ಸೊರಗಿದ ಎದಿ, ನನ್ನ ಹಣ್ಯಾಗ ಬರದಿದ್ದಿಲ್ಲ, ಬಿಡು ಅಂತ. ಇಲ್ಲದ್ದು ಹೋದ್ರ ಏನ್ ಹೋತು?" ಅವನ ದನಿ ಏರಲಿಲ್ಲ. "ಈಗ ಬಂದು ಹೇಳ್ತಿ, ಇತ್ತು ಅಂತ."

"ತಪ್ಪಾತು."

"ಜ್ವರದಾಗ ನಾ ಯಾಕ ಬಂದೆ ಗೊತ್ತೇನು? ಹೊಟ್ಟಿಕಿಚ್ಚಿಗೆ ಬಂದೆ. ಇವಗ ಆಗೂದು ನನಗ ಯಾಕ ಆಗವಲ್ದು ಅಂತ. ನಿನಗೂ ಆಗ್ತಿರಲಿಲ್ಲ."

"ಇಲ್ಲ."

"ಡಾಕ್ಟರ ಮುಂದ ಸುಳ್ಳ ಹೇಳಿದೆ. ನಿನ್ನ ಹೆಸರು ಬರಬಾರದು ಅಂತ."

"ಗೊತ್ತೈತಿ."

"ಗೊತ್ತಿತ್ತು. ಎರಡು ವರ್ಷ ಗೊತ್ತಿತ್ತು." ಯಮನೂರಿ ಕುರ್ಚಿ ಕೈ ಹಿಡಕೊಂಡು ಎದ್ದ. ನಿಂತ. ಒಂದು ಹೆಜ್ಜಿ ಇಟ್ಟ, ಮತ್ತ ನಿಂತ. ಹಂಗ ನಿಂತು ನಿಂತು ಒಳಗ ಹೋಗಿ ಗಿರಣಿ ಗುಂಡಿ ತಾನ ಒತ್ತಿದ.

ಗಿರಣಿ ಗರ್ ಅಂತ ಸುರು ಆತು. ಅದರೊಳಗಿನ ಜ್ವಾಳ ಮೊದಲ ಬೀಸಿ ಮುಗದಿತ್ತು. ಬರಿಗಲ್ಲು ತಿರುಗತಿತ್ತು.

ಅವ ಗೋಡೆ ಕಡೆ ಮಾರಿ ಮಾಡಿ ನಿಂತಿದ್ದ. ಬಾಯಿ ತಗದಿತ್ತು. ಏನೂ ಕೇಳ್ತಿರಲಿಲ್ಲ. ಹಿಟ್ಟು ಹತ್ತಿದ ಗಲ್ಲದ ಮ್ಯಾಲ ಎರಡು ಗೆರಿ ಮೂಡಿದ್ವು.

ಕಸ್ತೂರಿ ಓಡಿ ಬಂದು ಅವನ ಎದಿ ಮ್ಯಾಲ ಅಂಗೈ ಇಟ್ಲು. ಭೀಮಶಿ ಕಡೆ ತಿರುಗಿ ಕೂಗಿ ಹೇಳಬೇಕಾತು.

"ಹೋಗ್ರಿ ಅಣ್ಣಾ. ಅಳೂದು ಅವರಿಗೆ ಆಗಿಬರೂದಿಲ್ಲ. ಹೋಗ್ರಿ ನೀವು."

ಹೊತ್ತು ಏರಿತ್ತು. ವಸ್ತಾದ್ರು ಹೊಳಿ ಮೆಟ್ಟಲ ಮ್ಯಾಲ ಕುಂತು ಕಾಲು ನೀರಾಗ ಬಿಟ್ಟಿದ್ರು. ಭೀಮಶಿ ಎರಡು ಮೆಟ್ಟಲ ಮ್ಯಾಲ ನಿಂತ.

"ಹೇಳಿ ಬಂದೆ."

ವಸ್ತಾದ್ರು ಹೂಂ ಅಂದ್ರು.

"ಸಮಾಧಾನದಾಗ ಇದ್ದ್ರಿ ಅವ. ನಕ್ಕೋತ, ಚಾಷ್ಟಿ ಮಾಡ್ಕೋತ ಕುಂತಿದ್ದ. ನಾ ಹೋಗಿ ಅದನ್ನೂ ಕಸಗೊಂಡೆ. ಗಿರಣಿ ಹಚ್ಚಿ ಅತ್ತ."

ನೀರು ಹರೀತಿತ್ತು. ಆ ಕಡೆ ದಂಡ್ಯಾಗ ಯಾರೋ ಎಮ್ಮಿ ತೊಳೀತಿದ್ರು.

"ನನಗೂ ಹಗುರ ಆಗಲಿಲ್ಲ," ಅಂದ ಭೀಮಶಿ.

"ಆಗತೈತಿ ಅಂತ ನಾ ಅಂದಿದ್ನೇನು?"

"ಇಲ್ರಿ."

"ಗುಳಗಿ?"

ಭೀಮಶಿ ಕಿಸೆದಾಗಿಂದ ಗುಳಗಿ ಪೊಟ್ಟಣ ತಗದ. ವಸ್ತಾದ್ರು ಕೈ ಚಾಚಲಿಲ್ಲ. ನೀರಿಗೆ ಒಗಿ ಅಂತಾನೂ ಅನ್ನಲಿಲ್ಲ. ಅವ ಅದನ್ನ ಹಿಡಕೊಂಡ ನಿಂತ, ಏನ್ ಮಾಡಬೇಕು ತಿಳೀಲಿಲ್ಲ.

"ಗರಡಿ ನಾ ನಡಸೂದಿಲ್ರಿ," ಅಂದ ಕಡೀಕ.

"ಅದನ್ನ ನಾ ಕೇಳಿಲ್ಲ."

"ಒಂದ ಹೇಳ್ರಿ ಸಾಕು. ಅವ ಅಳಬಾರದು ಅಂತ ಡಾಕ್ಟರು ಹೇಳ್ಯಾರ. ಎದಿಗೆ ಆಗೂದಿಲ್ಲ ಅಂತ. ನಿಮಗದು ಗೊತ್ತಿತ್ತು. ಗೊತ್ತಿದ್ದೂ ನನ್ನ ಯಾಕ ಕಳಿಸಿದ್ರಿ?"

ವಸ್ತಾದ್ರು ನೀರಿನಿಂದ ಕಾಲು ತಗದು ಮೆಟ್ಟಲ ಮ್ಯಾಲ ಇಟ್ರು. ಎದ್ದು ನಿಲ್ಲಾಕ ಎರಡು ಸಲ ನೋಡಿದ್ರು. ಭೀಮಶಿ ಕೈ ಕೊಟ್ಟ. ಅದನ್ನ ಹಿಡಿಯದ, ಕಲ್ಲಿಗೆ ಕೈ ಊರಿ ಎದ್ರು.

"ಎರಡು ವರ್ಷ ಅವ ಒಳಗೊಳಗ ಸುಳ್ಳಿಗೆ ಅತ್ತಾನಪಾ," ಅಂದ್ರು. "ಇನ್ನ ಖರೇದಕ್ಕ ಅಳಲಿ."